ತಗಡಿನ ಮನುಷ್ಯನ ಉಸಿರು

1938ರ ಅಕ್ಟೋಬರ್. ಹಾಲಿವುಡ್‌ನ ಎಂಜಿಎಂ ಸ್ಟುಡಿಯೋದಲ್ಲಿ 'ದಿ ವಿಝರ್ಡ್ ಆಫ್ ಆಝ್' ಸಿನಿಮಾದ ಶೂಟಿಂಗ್ ಶುರುವಾಗಿ ಸುಮಾರು ಹತ್ತು ದಿನ ಆಗಿತ್ತಷ್ಟೇ. ತಗಡಿನ ಮನುಷ್ಯನ ಪಾತ್ರ ಮಾಡ್ತಿದ್ದ ನಟ ಬಡ್ಡಿ ಎಬ್ಸನ್ ಉಸಿರು ಸಿಗದೆ ಒದ್ದಾಡಿ ಆಸ್ಪತ್ರೆ ಸೇರಿದರು. ಕಾರಣ ಅವರ ಮುಖದ ಮೇಲೇ ಇತ್ತು. ದಿನಾ ಬೆಳಿಗ್ಗೆ ಮೊದಲು ಬಿಳಿ ಲೇಪ, ಅದರ ಮೇಲೆ ಅಲ್ಯೂಮಿನಿಯಂ ಪುಡಿ. ಪುಡಿ ಮುಖದ ಮೇಲೆ ಮಾತ್ರ ಕೂರುತ್ತಾ? ಗಾಳಿಯಲ್ಲೂ ಹಾರುತ್ತೆ. ಹಾರಿದ್ದನ್ನು ಅವರು ಉಸಿರಾಡಿದರು. ಪುಪ್ಪುಸದ ಒಳಗೂ ಬೆಳ್ಳಿ ಬಣ್ಣ ಬಳಿದ ಹಾಗಾಯ್ತು.

ಸ್ಟುಡಿಯೋ ಕಾಯಲಿಲ್ಲ. ಜ್ಯಾಕ್ ಹೇಲಿ ಅನ್ನೋ ಬೇರೊಬ್ಬ ನಟನನ್ನು ಕರೆತಂದರು. ಈ ಸಲ ಪುಡಿ ಉದುರಿಸುವ ಬದಲು ಅದನ್ನೇ ಪೇಸ್ಟ್ ಮಾಡಿ ಹಚ್ಚಿದರು. ಹೇಲಿಗೆ ಕಣ್ಣಿನ ಸೋಂಕು ಆಯ್ತು, ಆದರೆ ಉಸಿರು ಉಳೀತು. ಸಿನಿಮಾ ನೋಡಿದವರಿಗೆ ಇಬ್ಬರ ಬೆಳ್ಳಿ ಬಣ್ಣದಲ್ಲಿ ವ್ಯತ್ಯಾಸ ಗೊತ್ತಾಗ್ತಿತ್ತು ಅಂತ ನನಗನ್ನಿಸಲ್ಲ. ಅದೇ ಲೋಹ, ಅದೇ ಹೊಳಪು. ಬದಲಾಗಿದ್ದು ಅದನ್ನು ಹಚ್ಚುವ ರೀತಿ ಒಂದೇ.

ವೇಷದ ಸಾಮಾನು ಮಾಡೋದಕ್ಕೆ ಯಾವ ಫೋಮ್ ತಗೊಳ್ಳಲಿ, ಯಾವ ಪೇಂಟ್ ಹೊಡೀಲಿ ಅಂತ ಯಾರಾದ್ರೂ ಕೇಳಿದಾಗ ನನಗೆ ಮೊದಲು ನೆನಪಾಗೋದು ಈ ಕಥೆ. ಈಗ ತುಂಬಾ ಜನ ಕೇಳ್ತಾರೆ. ಬೆಂಗಳೂರಲ್ಲಿ ಕಾಮಿಕ್ ಕಾನ್ ಹತ್ತಿರ ಬಂತು ಅಂದ್ರೆ ನಮ್ಮ ಟೀಮಿನ ಹುಡುಗ ಹುಡುಗಿಯರು ವೀಕೆಂಡ್ ಪೂರ್ತಿ ಪಿಜಿ ರೂಮಲ್ಲಿ ಕೂತು ಫೋಮ್ ಕತ್ತರಿಸ್ತಾರೆ. ಕತ್ತಿ, ಕವಚ, ಹೆಲ್ಮೆಟ್ಟು, ರೆಕ್ಕೆ. ಹತ್ತು ಅಡಿ ದೂರದಿಂದ ನೋಡಿದ್ರೆ ಅಪ್ಪಟ ಉಕ್ಕು. ಈ ಹವ್ಯಾಸಕ್ಕೆ ದೊಡ್ಡ ಇತಿಹಾಸವೇ ಇದೆ, ಆ ಇತಿಹಾಸದಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಬರುತ್ತೆ. 'ಹೇಗೆ ಕಾಣುತ್ತೆ?' ಅನ್ನೋ ಪ್ರಶ್ನೆಯನ್ನು ಎಲ್ಲರೂ ಮೊದಲು ಕೇಳ್ತಾರೆ. 'ಮಾಡೋವಾಗ ಯಾರ ಮೈಗೆ ಏನಾಗುತ್ತೆ?' ಅನ್ನೋದು ಯಾರಾದರೂ ಕಾಯಿಲೆ ಬಿದ್ದ ಮೇಲೆ ಬರುತ್ತೆ.

ಅದೇ ಸಿನಿಮಾದ ಉಳಿದ ವೇಷಗಳನ್ನೂ ನೋಡಿ. ಮಾಟಗಾತಿ ಪಾತ್ರದ ಮಾರ್ಗರೆಟ್ ಹ್ಯಾಮಿಲ್ಟನ್ ಮುಖಕ್ಕೆ ಹಚ್ಚಿದ್ದ ಹಸಿರಿನಲ್ಲಿ ತಾಮ್ರ ಇತ್ತು. 1938ರ ಡಿಸೆಂಬರ್ 23ರಂದು ಹೊಗೆ, ಬೆಂಕಿಯ ನಡುವೆ ಮಾಯವಾಗುವ ದೃಶ್ಯದಲ್ಲಿ ಬೆಂಕಿ ಬೇಗ ಹೊತ್ತಿ ಅವರ ಮುಖ, ಕೈ ಸುಟ್ಟಿತು. ಸುಟ್ಟ ಚರ್ಮದ ಮೇಲಿನ ಆ ಬಣ್ಣ ಒಳಗೆ ಇಳಿಯದ ಹಾಗೆ ಆಲ್ಕೋಹಾಲ್ ಹಾಕಿ ಉಜ್ಜಿ ತೆಗೀಬೇಕಾಯ್ತು. ಆ ನೋವನ್ನು ಊಹಿಸಿಕೊಳ್ಳಿ. ಸುಮಾರು ಆರು ವಾರ ಬಿಟ್ಟು ವಾಪಸ್ ಬಂದ ಅವರು, ಇನ್ನು ಬೆಂಕಿ ಇರೋ ದೃಶ್ಯ ಮಾಡಲ್ಲ ಅಂತ ಖಡಾಖಂಡಿತವಾಗಿ ಹೇಳಿಬಿಟ್ಟರು. ಸಿಂಹದ ವೇಷ ನಿಜವಾದ ಸಿಂಹದ ಚರ್ಮದ್ದು. ಸ್ಟುಡಿಯೋದ ಉರಿಯುವ ದೀಪಗಳ ಕೆಳಗೆ ನಟ ಬರ್ಟ್ ಲಾರ್ ಅದರೊಳಗೆ ಬೆವೆತು ಹೈರಾಣಾದರು. ಬೆದರುಬೊಂಬೆಯ ಗೋಣಿಚೀಲದಂಥ ಮುಖವಾಡ ರಬ್ಬರಿನ ಫೋಮಿನದು. ಅದು ನಟ ರೇ ಬೋಲ್ಗರ್ ಮುಖದ ಮೇಲೆ ಉಳಿಸಿದ ಗೆರೆಗಳು ಶೂಟಿಂಗ್ ಮುಗಿದು ಬಹಳ ಕಾಲ ಆದರೂ ಹೋಗಲಿಲ್ಲ.

ಆ ಫೋಮ್ ಆಗಿನ್ನೂ ಹೊಸ ವಸ್ತು. 1929ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಡನ್ಲಪ್ ಕಂಪನಿಯ ಲ್ಯಾಬಿನವರು ರಬ್ಬರ್ ಹಾಲನ್ನು ಮಜ್ಜಿಗೆ ಕಡೆದ ಹಾಗೆ ಕಡೆದು, ನೊರೆ ಬರಿಸಿ, ಆ ನೊರೆಯನ್ನೇ ಗಟ್ಟಿ ಮಾಡಿದರು. ಸೋಫಾ, ಹಾಸಿಗೆಗಳ ಲೋಕವೇ ಬದಲಾಯ್ತು. ಹತ್ತು ವರ್ಷದೊಳಗೆ ಅದು ನಟರ ಮುಖಕ್ಕೂ ಬಂತು. ಬೇರೆ ಕೆಲಸಕ್ಕೆ ಹುಟ್ಟಿದ ವಸ್ತು ವೇಷಕ್ಕೆ ಬರೋದು ಅಲ್ಲಿಂದಾಚೆ ಮಾಮೂಲಾಗಿ ಹೋಯ್ತು.

ಮನೆಯಲ್ಲಿ ಮಾಡುವ ವೇಷದ ಕಥೆಗೂ 1939 ಮುಖ್ಯವಾದ ವರ್ಷ. 'ಆಝ್' ಬಿಡುಗಡೆಯಾಗಿದ್ದು ಆಗಸ್ಟಿನಲ್ಲಿ. ಅದಕ್ಕೂ ಒಂದು ತಿಂಗಳು ಮುಂಚೆ, ಜುಲೈನಲ್ಲಿ, ನ್ಯೂಯಾರ್ಕ್‌ನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ ನಡೀತು. ಅಲ್ಲಿಗೆ ಫಾರೆಸ್ಟ್ ಆಕರ್ಮನ್ ಅನ್ನೋ ಯುವಕ ಮತ್ತು ಅವರ ಗೆಳತಿ ಮರ್ಟಲ್ ಡಗ್ಲಸ್ ಭವಿಷ್ಯದ ಮನುಷ್ಯರ ವೇಷದಲ್ಲಿ ಬಂದರು. 'ಥಿಂಗ್ಸ್ ಟು ಕಮ್' ಅನ್ನೋ 1936ರ ಸಿನಿಮಾದ ಉಡುಪುಗಳ ಧಾಟಿಯಲ್ಲಿ ಅವನ್ನು ಡಗ್ಲಸ್ ಅವರೇ ಹೊಲಿದಿದ್ದರು. ಇವತ್ತು ಕಾಸ್‌ಪ್ಲೇ ಅಂತ ಕರೆಯೋದರ ಮೂಲವನ್ನು ಬಹಳ ಜನ ಇಲ್ಲಿಗೇ ಕೊಂಡೊಯ್ತಾರೆ. ಆ ಹೆಸರು ಮಾತ್ರ ಜಪಾನಿನಲ್ಲಿ, ನೊಬುಯುಕಿ ತಕಹಾಶಿ ಅನ್ನೋ ಪತ್ರಕರ್ತರ ಲೇಖನದಲ್ಲಿ, 1980ರ ದಶಕದಲ್ಲಿ ಹುಟ್ಟಿಕೊಂಡಿತು.

ಮನೆ ವೇಷಕ್ಕೆ ಸ್ಟುಡಿಯೋ ಬಜೆಟ್ ಇಲ್ಲ. ಕೈಗೆ ಸಿಕ್ಕಿದ್ದೇ ಸಾಮಾನು. 1972ರ ಲಾಸ್ ಏಂಜಲೀಸ್ ಸಮ್ಮೇಳನಕ್ಕೆ ವ್ಯಂಗ್ಯಚಿತ್ರಕಾರ ಸ್ಕಾಟ್ ಶಾ ಮೈಗೆಲ್ಲ ಕಡಲೆಕಾಯಿ ಬೆಣ್ಣೆ, ಅಂದ್ರೆ ಪೀನಟ್ ಬಟರ್, ಮೆತ್ತಿಕೊಂಡು ಬಂದರು. ದೀಪದ ಬಿಸಿಗೆ ಬೆಣ್ಣೆ ಕರಗಿತು, ವಾಸನೆ ಎದ್ದಿತು, ಪಕ್ಕದಲ್ಲಿ ನಿಂತವರ ಉಡುಪಿಗೂ ಮೆತ್ತಿತು. ಆಮೇಲಿನ ವೇಷ ಸ್ಪರ್ಧೆಗಳಲ್ಲಿ 'ಪೀನಟ್ ಬಟರ್ ಬೇಡ' ಅನ್ನೋದು ಒಂದು ನಿಯಮವೇ ಆಯ್ತು! ನಗು ಬರುತ್ತೆ, ಆದ್ರೆ ವಿಷಯ ಗಂಭೀರ. ನಮ್ಮ ವೇಷದ ಸಾಮಾನು ನಮ್ಮ ಮೈಗೆ ಮಾತ್ರ ಸಂಬಂಧಪಟ್ಟಿದ್ದಲ್ಲ. ಮೂರು ವರ್ಷದ ನಂತರ, ಕಡಿಮೆ ದುಡ್ಡಿನಲ್ಲಿ ತೆಗೆದ 'ಮಾಂಟಿ ಪೈಥನ್ ಆ್ಯಂಡ್ ದಿ ಹೋಲಿ ಗ್ರೇಲ್' ಸಿನಿಮಾದಲ್ಲಿ ಉಕ್ಕಿನ ಬಳೆಗಳ ಕವಚದ ಬದಲು ಉಣ್ಣೆಯಲ್ಲಿ ಹೆಣೆದು ಬೆಳ್ಳಿ ಬಣ್ಣ ಹೊಡೆದಿದ್ದರು. ಪರದೆ ಮೇಲೆ ಚೆನ್ನಾಗೇ ಕಾಣುತ್ತೆ. ಆದರೆ ಶೂಟಿಂಗ್ ಇದ್ದಿದ್ದು ಮಳೆ ಸುರಿಯುವ ಸ್ಕಾಟ್ಲೆಂಡಿನಲ್ಲಿ. ನೆಂದ ಉಣ್ಣೆ ಹೊತ್ತು ನಟರು ದಿನವಿಡೀ ನಡುಗಿದರು.

ಹಗುರ ಬೇಕು, ಹೊಳಪೂ ಬೇಕು. ಈ ಲೆಕ್ಕ ನನಗೆ ಹೊಸದಲ್ಲ. ನಾನು ಬೆಳೆದಿದ್ದು ಕುಂದಾಪುರದ ಒಳನಾಡಿನ ಹಳ್ಳಿಯಲ್ಲಿ, ಬಯಲಾಟ ನೋಡ್ಕೊಂಡು. ಯಕ್ಷಗಾನದ ಕಿರೀಟ, ಎದೆಕಟ್ಟು, ಭುಜಕೀರ್ತಿಗಳು ದೂರದಿಂದ ಚಿನ್ನದ ರಾಶಿ. ಚೌಕಿಯಲ್ಲಿ ಕೈಗೆತ್ತಿಕೊಂಡ್ರೆ ಒಳಗೆ ಹಗುರ ಮರ, ಮೇಲೆ ಬೇಗಡೆ, ನಡುನಡುವೆ ಕನ್ನಡಿ ಚೂರು. ರಾತ್ರಿಯಿಡೀ ಕುಣಿಯುವ ಮನುಷ್ಯ ಲೋಹ ಹೊರಲಾರ ಅನ್ನೋದು ಮಾಡಿದವರಿಗೆ ಗೊತ್ತಿತ್ತು. ಇನ್ನೂ ಒಂದು ವಿಷಯ ಗೊತ್ತಿತ್ತು. ಆಟ ನಡೀತಿದ್ದದ್ದು ದೊಂದಿ ಬೆಳಕಲ್ಲಿ, ಆಮೇಲೆ ಗ್ಯಾಸ್‌ಲೈಟಲ್ಲಿ. ಅಲುಗಾಡುವ ಬೆಳಕಿಗೆ ಬೇಗಡೆ ಮಿನುಗುವಷ್ಟು ಬೇರೇನೂ ಮಿನುಗಲ್ಲ. ಪೇಂಟ್ ಆರಿಸೋಕೆ ಇದಕ್ಕಿಂತ ಒಳ್ಳೆ ಪಾಠ ಬೇಕಾ? ವೇಷ ಯಾವ ಬೆಳಕಲ್ಲಿ ಕಾಣುತ್ತೋ ಆ ಬೆಳಕಲ್ಲೇ ಬಣ್ಣ ನೋಡಿ ಆರಿಸಬೇಕು. ಟ್ಯೂಬ್‌ಲೈಟ್ ಕೆಳಗೆ ಚಂದ ಕಂಡ ಬೆಳ್ಳಿ ಬಣ್ಣ ಬಿಸಿಲಲ್ಲಿ ಸುಣ್ಣ ಬಳಿದ ಹಾಗೆ ಕಾಣಬಹುದು.

ಹಾಗಂತ ಹಳೇದೆಲ್ಲ ಅಮೃತ ಅಂತಾನೂ ಅಲ್ಲ. ರಾಕ್ಷಸ ವೇಷದ ಮುಖಕ್ಕೆ ಇಡುವ ಚಿಟ್ಟೆ ಅಕ್ಕಿ ಹಿಟ್ಟು, ಸುಣ್ಣದ್ದು. ಅದು ಸರಿ. ಆದರೆ ನಮ್ಮ ಕರಾವಳಿಯ ವೇಷಗಳಿಗೆ ಬಳಸ್ತಾ ಬಂದ ಅರ್ದಾಳ ಅನ್ನೋ ಹಳದಿ, ಆರ್ಸೆನಿಕ್ ಮತ್ತು ಗಂಧಕ ಸೇರಿದ ಖನಿಜ. ಇಂಗಳೀಕದ ಕೆಂಪಿನಲ್ಲಿ ಇರೋದು ಪಾದರಸ. ಜಪಾನಿನ ಕಬುಕಿ ನಟರ ಬಿಳಿ ಮುಖದಲ್ಲಿದ್ದದ್ದು ಸೀಸ. 1887ರಲ್ಲಿ ಜಪಾನಿನ ಚಕ್ರವರ್ತಿಯ ಮುಂದೆ ನಡೆದ ಪ್ರದರ್ಶನದಲ್ಲಿ ನಕಮುರಾ ಫುಕುಸುಕೆ ಅನ್ನೋ ಹೆಸರಾಂತ ನಟನ ಕಾಲು ನಡುಗತೊಡಗಿತು. ವೈದ್ಯರು ಕೊಟ್ಟ ಕಾರಣ, ವರ್ಷಗಟ್ಟಲೆ ಹಚ್ಚಿದ ಬಿಳಿ ಪುಡಿಯ ಸೀಸ. ಸೀಸ ಇಲ್ಲದ ಪುಡಿ 1900ರ ದಶಕದ ಆರಂಭದಲ್ಲೇ ಮಾರುಕಟ್ಟೆಗೆ ಬಂತು. ಆದರೂ ಸೀಸದ ಪುಡಿಗೆ ಕಾನೂನಿನ ತಡೆ ಬಿದ್ದಿದ್ದು 1930ರ ದಶಕದಲ್ಲಿ! ಮುಖಕ್ಕೆ ಚೆನ್ನಾಗಿ ಅಂಟುತ್ತೆ, ನುಣ್ಣಗೆ ಕೂರುತ್ತೆ ಅನ್ನೋ ಕಾರಣಕ್ಕೆ ಜನ ಅದನ್ನು ಬಿಡಲಿಲ್ಲ.

ಇನ್ನು ಈವಿಎ ಫೋಮ್. ಇವತ್ತಿನ ಕವಚ, ಹೆಲ್ಮೆಟ್ಟುಗಳ ಮೂಲ ಸಾಮಾನು ಇದೇ. ಪೂರ್ತಿ ಹೆಸರು ಎಥಿಲೀನ್ ವಿನೈಲ್ ಅಸಿಟೇಟ್. ಇದೂ ವೇಷಕ್ಕೆ ಅಂತ ಹುಟ್ಟಿದ್ದಲ್ಲ. 1970ರ ದಶಕದ ಮಧ್ಯದಲ್ಲಿ ಅಮೆರಿಕದ ಬ್ರೂಕ್ಸ್ ಕಂಪನಿ ಓಟದ ಶೂಗಳ ತಳಕ್ಕೆ ಇದನ್ನು ತಂದಿತು. ಆಮೇಲೆ ಚಪ್ಪಲಿ, ಯೋಗ ಮ್ಯಾಟ್, ಜಿಮ್ ನೆಲ, ಮಕ್ಕಳು ಆಡುವ ಬಣ್ಣಬಣ್ಣದ ಜೋಡಿಸೋ ಮ್ಯಾಟು. ಆ ಮ್ಯಾಟನ್ನೇ ಯಾರೋ ಕತ್ತರಿಸಿ, ಬಿಸಿ ಮಾಡಿ ಬಗ್ಗಿಸಿ, ಎದೆಗೆ ಕಟ್ಟಿಕೊಂಡು ನೋಡಿದರು. ತಣ್ಣಗಾದ ಮೇಲೂ ಬಾಗು ಹಾಗೇ ನಿಂತಿತ್ತು.

ಇಂಜಿನಿಯರ್ ಬುದ್ಧಿ, ಲೆಕ್ಕ ಹಾಕದೆ ಇರಕ್ಕಾಗಲ್ಲ. 15ನೇ ಶತಮಾನದ ಯೂರೋಪಿನ ಪೂರ್ತಿ ಉಕ್ಕಿನ ಕವಚ ಸುಮಾರು 15ರಿಂದ 25 ಕೆಜಿ ತೂಗುತ್ತಿತ್ತು. ಘನ ಮೀಟರಿಗೆ 100 ಕೆಜಿ ತೂಗುವ 10 ಮಿಲಿಮೀಟರ್ ಫೋಮನ್ನು ಒಂದೂವರೆ ಚದರ ಮೀಟರ್ ತಗೊಂಡ್ರೆ ಬರೀ ಒಂದೂವರೆ ಕೆಜಿ. ಉಕ್ಕಿಗಿಂತ ಹತ್ತು ಪಟ್ಟು ಹಗುರ, ಕತ್ತರಿಸೋಕೆ ಒಂದು ಕಟರ್ ಬ್ಲೇಡ್ ಸಾಕು. ಗೆಲ್ಲದೆ ಇರುತ್ತಾ?

ಆದ್ರೆ ಇಲ್ಲೂ ಆ ಎರಡನೇ ಪ್ರಶ್ನೆ ತಡವಾಗೇ ಬಂತು. 2010ರ ಡಿಸೆಂಬರಿನಲ್ಲಿ ಬೆಲ್ಜಿಯಂ ಸರ್ಕಾರ ಮಕ್ಕಳ ಫೋಮ್ ಮ್ಯಾಟುಗಳ ಮಾರಾಟಕ್ಕೆ ತಡೆ ಹಾಕಿತು, ಬೆನ್ನಲ್ಲೇ ಫ್ರಾನ್ಸ್ ಕೂಡ ಮಾರಾಟ ನಿಲ್ಲಿಸಿತು. ಫೋಮ್ ಉಬ್ಬಿಸುವ ಪ್ರಕ್ರಿಯೆಯಲ್ಲಿ ಉಳಿದುಹೋಗುವ ಫಾರ್ಮಮೈಡ್ ಅನ್ನೋ ರಾಸಾಯನಿಕ ಮ್ಯಾಟಿನಿಂದ ಗಾಳಿಗೆ ಬರುತ್ತೆ, ಅದು ಹುಟ್ಟಬೇಕಾದ ಮಗುವಿನ ಬೆಳವಣಿಗೆಗೆ ಅಪಾಯಕಾರಿ ಅನ್ನೋದು ಕಾರಣ. ಹೊಸ ಮ್ಯಾಟ್ ಬಿಚ್ಚಿದ ಕೂಡಲೇ ಘಮ್ಮಂತ ಬರುವ ವಾಸನೆ 'ಹೊಸದರ ವಾಸನೆ' ಅಂತ ಖುಷಿಪಡೋ ವಿಷಯ ಅಲ್ಲ. ಕತ್ತರಿಸೋ ಮುಂಚೆ ಕೆಲವು ದಿನ ಬಾಲ್ಕನಿಯಲ್ಲಿ ಗಾಳಿಗೆ ಹಾಕಿಡಿ. ಮನೇಲಿ ಬಸುರಿ ಹೆಂಗಸರು, ಕೂಸುಗಳು ಇದ್ದರಂತೂ ಈ ಕೆಲಸಕ್ಕೆ ಒಳಗಿನ ರೂಮು ಬೇಡವೇ ಬೇಡ.

ಫೋಮ್, ಪೇಂಟ್ ಬಗ್ಗೆ ಗಂಟೆಗಟ್ಟಲೆ ಮಾತಾಡೋರು ಅಂಟಿನ ಬಗ್ಗೆ ಯೋಚನೇನೇ ಮಾಡಲ್ಲ. ಆದರೆ ಇಡೀ ಇತಿಹಾಸದಲ್ಲಿ ನನ್ನನ್ನು ತುಂಬಾ ಕಾಡಿದ್ದು ಅಂಟಿನ ಕಥೆಯೇ.

1950ರ ದಶಕ, ಜಪಾನ್. ಆಡ್ರೆ ಹೆಪ್‌ಬರ್ನ್ ಸಿನಿಮಾದಲ್ಲಿ ಹಾಕಿದಂಥ ಹಿಮ್ಮಡಿ ತೆರೆದ ಚಪ್ಪಲಿಗೆ ಅಲ್ಲಿ ಹುಚ್ಚು ಹಿಡಿದಿತ್ತು. 'ಹೆಪ್ ಸ್ಯಾಂಡಲ್' ಅಂತಲೇ ಹೆಸರು. ಇವನ್ನು ಮಾಡ್ತಿದ್ದದ್ದು ದೊಡ್ಡ ಕಾರ್ಖಾನೆಗಳಲ್ಲ. ಒಸಾಕಾ, ಟೋಕಿಯೋದ ಬಡ ಬೀದಿಗಳ ಪುಟ್ಟ ಮನೆಗಳಲ್ಲಿ, ಹೆಚ್ಚಾಗಿ ಹೆಂಗಸರು, ಜೋಡಿಗಿಷ್ಟು ಅಂತ ಕೂಲಿಗೆ. ಅಂಟು ಬಳಿಯೋದು, ಒತ್ತೋದು, ಒಣಗಿಸೋದು. ಮಲಗೋದೂ ಅದೇ ಕೋಣೆಯಲ್ಲಿ. ಆ ಅಂಟಿನಲ್ಲಿ ಬೆಂಜೀನ್ ಇತ್ತು. ಬೆಂಜೀನ್ ಮೂಳೆಯ ಮಜ್ಜೆಯನ್ನೇ ಕೆಡಿಸುತ್ತೆ, ರಕ್ತ ಹುಟ್ಟೋದು ನಿಲ್ಲುತ್ತೆ. ಹೆಂಗಸರು ಬಿಳಿಚಿಕೊಂಡರು, ಕೆಲವರು ಸತ್ತೇ ಹೋದರು. 1959ರಲ್ಲಿ ಸರ್ಕಾರ ಬೆಂಜೀನ್ ಇರುವ ರಬ್ಬರ್ ಅಂಟನ್ನು ನಿಷೇಧಿಸಿತು.

ಕಥೆ ಅಲ್ಲಿಗೆ ಮುಗೀಲಿಲ್ಲ. ಬೆಂಜೀನ್ ಜಾಗಕ್ಕೆ ಹೆಕ್ಸೇನ್ ಬಂತು. ಕೆಲವೇ ವರ್ಷಗಳಲ್ಲಿ, ಅದೇ ಚಪ್ಪಲಿ ಕೆಲಸದವರ ಕೈಕಾಲು ಜೋಮು ಹಿಡಿದು, ಬಲ ಕಳೆದುಕೊಳ್ಳತೊಡಗಿದವು. ಹೆಕ್ಸೇನ್ ನರಗಳನ್ನು ಹಾಳು ಮಾಡುತ್ತೆ ಅನ್ನೋದು ಆಗ ಬಯಲಾಯ್ತು. 1970ರಲ್ಲಿ ಮನೆಯಲ್ಲಿ ಕೂತು ಕೂಲಿ ಮಾಡೋರಿಗಾಗಿಯೇ ಜಪಾನ್ ಒಂದು ಕಾನೂನು ತಂದಿತು, ಅದರ ಹಿಂದಿದ್ದದ್ದು ಈ ಚಪ್ಪಲಿ ಹೆಂಗಸರ ಸಾವು. ಹಳೇ ಕಥೆ ಅಂದ್ಕೋಬೇಡಿ. 2009ರಲ್ಲಿ ಚೀನಾದ ಸುಝೌನಲ್ಲಿ ಮೊಬೈಲ್ ಟಚ್‌ಸ್ಕ್ರೀನ್ ಒರೆಸ್ತಿದ್ದ ಕಾರ್ಮಿಕರ ನರಗಳನ್ನು ಕೆಡಿಸಿದ್ದೂ ಇದೇ ಹೆಕ್ಸೇನ್.

ಈಗ ನಮ್ಮ ಪಿಜಿ ರೂಮಿಗೆ ಬನ್ನಿ. ಕಿಟಕಿ ಹಾಕಿದೆ, ಎಸಿ ಆನ್ ಇದೆ, ನೆಲದ ಮೇಲೆ ರಬ್ಬರ್ ಅಂಟಿನ ಡಬ್ಬಿ ಮುಚ್ಚಳ ತೆಗೆದು ಕೂತಿದೆ. ನಾವು ಮಾಡೋದೂ ಅದೇ ಕೆಲಸ ಅಲ್ವಾ? ವ್ಯತ್ಯಾಸ ಇಷ್ಟೇ, ಅವರು ವರ್ಷಗಟ್ಟಲೆ ಹೊಟ್ಟೆಪಾಡಿಗೆ ಮಾಡಿದರು, ನಾವು ಕೆಲವು ವಾರ ಖುಷಿಗೆ ಮಾಡ್ತೀವಿ. ಕಾರ್ಖಾನೆಯಾದ್ರೆ ಇನ್‌ಸ್ಪೆಕ್ಟರ್ ಬರ್ತಾನೆ, ಸ್ಟುಡಿಯೋ ಆದ್ರೆ ಯೂನಿಯನ್ ಇರುತ್ತೆ. ಮನೆಯಲ್ಲಿ ಮಾಲೀಕನೂ ನಾವೇ, ಕೂಲಿಯೂ ನಾವೇ, ಇನ್‌ಸ್ಪೆಕ್ಟರೂ ನಾವೇ ಆಗಬೇಕು.

ಅದಕ್ಕೇ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಹೀಗೆ.

ಸಾಮಾನು: ಕವಚ, ಹೆಲ್ಮೆಟ್ಟಿಗೆ ಈವಿಎ ಫೋಮ್. ಮುಖ್ಯ ಭಾಗಕ್ಕೆ 5ರಿಂದ 10 ಮಿಲಿಮೀಟರ್, ಅಂಚು, ಕೆತ್ತನೆ ಕೆಲಸಕ್ಕೆ 2 ಮಿಲಿಮೀಟರ್. ಮದುವೆ ಮಂಟಪಕ್ಕೆ ಬಳಸೋ ಥರ್ಮೋಕೋಲ್ ಅಗ್ಗ, ಆದರೆ ಮೈಮೇಲೆ ಬಾಳಲ್ಲ. ಅದರ ಮೇಲೆ ಮಾಮೂಲಿ ಸ್ಪ್ರೇ ಪೇಂಟ್ ಹೊಡೆದ್ರೆ ಒಳಗಿನ ದ್ರಾವಕಕ್ಕೆ ಅದು ಕರಗಿ ಕುಳಿ ಬೀಳುತ್ತೆ. ಬೋರ್ಡ್ ಬರೆಯೋರು ಬಳಸೋ ಪಿವಿಸಿ ಫೋಮ್ ಶೀಟ್ ಕತ್ತಿಯಂಥ ಚಪ್ಪಟೆ ಸಾಮಾನಿಗೆ ಸರಿ. ಆದ್ರೆ ಅದನ್ನು ಹೀಟ್ ಗನ್‌ನಲ್ಲಿ ಬಗ್ಗಿಸೋಕೆ ಹೋಗಬೇಡಿ. ಅತಿಯಾಗಿ ಕಾದ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಅನ್ನೋ ಗಂಟಲು ಸುಡುವ ಅನಿಲ ಬರುತ್ತೆ.

ಅಂಟು: ರಬ್ಬರ್ ಅಂಟು ಬೇಕೇ ಬೇಕು, ಈವಿಎಗೆ ಅದೇ ಹಿಡಿಯೋದು. ಪಂಕ್ಚರ್ ಅಂಗಡಿಯವರು ಸಲ್ಯೂಷನ್ ಹಚ್ಚೋದು ನೋಡಿದ್ದೀರಲ್ಲ, ಹಾಗೇ. ಎರಡೂ ಕಡೆ ತೆಳ್ಳಗೆ ಬಳಿದು, ಕೈಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ಈ ಕೆಲಸ ಟೆರೇಸಿನಲ್ಲಿ. ಹತ್ತಿರ ಬೆಂಕಿ, ಊದುಬತ್ತಿ, ಸಿಗರೇಟು ಇರಕೂಡದು. ಅಂಟು ಪೂರ್ತಿ ಆರೋವರೆಗೂ ಹೀಟ್ ಗನ್ ಕೂಡ ಬೇಡ.

ಬಣ್ಣ: ಕತ್ತರಿಸಿ, ಉಜ್ಜಿ ಮುಗಿದ ಮೇಲೆ ಫೋಮಿನ ಮೈಮೇಲೆ ಹೀಟ್ ಗನ್ ಆಡಿಸಿ. ತೆರೆದ ರಂಧ್ರ ಮುಚ್ಚಿಕೊಂಡು ಮೈ ಸ್ವಲ್ಪ ಹೊಳೆಯುತ್ತೆ. ಅಷ್ಟಾದ್ರೆ ಸಾಕು, ಹೊಗೆ ಬಂತು ಅಂದ್ರೆ ಜಾಸ್ತಿಯಾಯ್ತು ಅಂತ. ಆಮೇಲೆ ನೀರು ಬೆರೆಸಿದ ಫೆವಿಕಾಲ್ ಮೂರ್ನಾಲ್ಕು ಕೋಟು, ಒಂದೊಂದೂ ಒಣಗಿದ ಮೇಲೆ ಇನ್ನೊಂದು. ಫೋಮ್ ಬಾಗುತ್ತೆ, ಅದರ ಮೇಲಿನ ಪದರವೂ ಬಾಗಬೇಕು, ಇಲ್ಲದಿದ್ರೆ ಮೊದಲ ನಮಸ್ಕಾರಕ್ಕೇ ಬಿರುಕು. ಅದಕ್ಕೇ ಗಟ್ಟಿ ಎನಾಮಲ್ ಬೇಡ, ನೀರಿನ ಅಕ್ರಿಲಿಕ್ ಒಳ್ಳೇದು. ಉಕ್ಕಿನಂತೆ ಕಾಣಬೇಕಾದ್ರೆ ಮೊದಲು ಪೂರ್ತಿ ಕಪ್ಪು, ಮೇಲೆ ಬ್ರಷ್ ಒರೆಸಿ ಒಣಗಿಸಿಕೊಂಡು ಬೆಳ್ಳಿ ಬಣ್ಣವನ್ನು ಉಬ್ಬುಗಳ ಮೇಲೆ ಮಾತ್ರ ಸವರಿ. ಕುಳಿಗಳಲ್ಲಿ ಉಳಿದ ಕಪ್ಪೇ ಅದಕ್ಕೆ ಲೋಹದ ಕಳೆ ಕೊಡುತ್ತೆ. ಲೋಹದ ಪುಡಿಯೇ ಬೇಕು ಅನ್ನೋದಾದ್ರೆ ಒಣ ಪುಡಿ ಉದುರಿಸಬೇಡಿ, ಅಕ್ರಿಲಿಕ್‌ನಲ್ಲಿ ಕಲಸಿ ಹಚ್ಚಿ. ಎಂಜಿಎಂನವರು ಒಬ್ಬ ನಟನನ್ನು ಆಸ್ಪತ್ರೆಗೆ ಕಳಿಸಿ ಕಲಿತ ಪಾಠ ಅದು, ನಮಗೆ ಬಿಟ್ಟಿ ಸಿಕ್ಕಿದೆ. ಫೋಮಿನ ಬಣ್ಣ ಫೋಮಿಗೆ ಮಾತ್ರ. ಡಬ್ಬಿ ಮೇಲೆ ವಿಷರಹಿತ ಅಂತ ಬರೆದಿದ್ರೂ ಮುಖಕ್ಕೆ ಹಚ್ಚುವಂತಿಲ್ಲ. ಮುಖಕ್ಕೆ ಮುಖದ್ದೇ ಬಣ್ಣ.

ಮಾಸ್ಕು: ಫೋಮ್ ಉಜ್ಜುವಾಗ ಏಳುವ ಧೂಳಿಗೆ ಎನ್95 ಸಾಕು. ಅಂಟಿನ ಆವಿಗೆ, ಸ್ಪ್ರೇ ಪೇಂಟಿಗೆ ಅದು ಸಾಲದು, ಆವಿ ಅದರೊಳಗೆ ಸಲೀಸಾಗಿ ನುಗ್ಗುತ್ತೆ. ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಹಾಕೋ ರಬ್ಬರ್ ಮಾಸ್ಕೇ ಬೇಕು. ಎರಡು ಪ್ರಿಂಟೆಡ್ ಟೀ ಶರ್ಟಿನ ಬೆಲೆ ಆಗಬಹುದು. ಹೆಲ್ಮೆಟ್ಟಿಗೆ ಎಲ್‌ಇಡಿ ಹಾಕೋಕೆ ಖರ್ಚು ಮಾಡೋರು ಇದನ್ನು ಮೊದಲು ತಗೊಳ್ಳಿ.

ಬಡ್ಡಿ ಎಬ್ಸನ್ ಚೇತರಿಸಿಕೊಂಡರು. ಟಿವಿಯಲ್ಲಿ ದೊಡ್ಡ ಹೆಸರು ಮಾಡಿ, 2003ರಲ್ಲಿ 95ನೇ ವಯಸ್ಸಿಗೆ ತೀರಿಕೊಂಡರು. ಅವರ ಕಥೆ ಎಲ್ಲಾ ಕಡೆ ಸಿಗುತ್ತೆ, ಯಾಕಂದ್ರೆ ಅವರು ನಟ. ಒಸಾಕಾದ ಆ ಹೆಂಗಸರ ಹೆಸರುಗಳು ನನಗೆಲ್ಲೂ ಸಿಗಲಿಲ್ಲ. ಮನೇಲಿ ಕೂತು ಅಂಟು ಹಚ್ಚುವ ನಾವು ಹತ್ತಿರ ಇರೋದು ಅವರಿಗೆ. ಈ ಶನಿವಾರ ಡಬ್ಬಿ ತೆರೆಯೋ ಮುಂಚೆ ಅದರ ಹಿಂದಿರೋ ಸಣ್ಣಕ್ಷರ ಓದಿ, ಆಮೇಲೆ ಕಿಟಕಿ ತೆಗೀರಿ.